ಬಕೀಟು, ಬಕೆತ್ಸು, ಬಕೆಟ್: ಜಪಾನಿನ ಒಂದು ಶಾಲೆಯಲ್ಲಿ ನಮ್ಮೂರಿನ ಗಣಿತ ಟೀಚರ್

ಈ ಪ್ರಕರಣದಲ್ಲಿ ಬರುವ ಟೀಚರನ್ನು ಸುಮಾ ಎಂದು ಕರೆಯುತ್ತೇನೆ. ಅದು ಅವಳ ನಿಜವಾದ ಹೆಸರಲ್ಲ. ಊರು, ಶಾಲೆ, ಅವಳಿಗೆ ಕೆಲಸ ಕೊಟ್ಟ ಕಂಪನಿ, ಯಾವುದರ ಹೆಸರನ್ನೂ ಹೇಳುವುದಿಲ್ಲ. ಮಕ್ಕಳ ಗುರುತು ಸಿಗಬಾರದು ಅಂತ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ನಾನು ಕರ್ನಾಟಕದಲ್ಲಿ ಇಂಗ್ಲಿಷ್ ಟೀಚರ್‌ಗಳಿಗೆ ತರಬೇತಿ ಕೊಡುವ ಕೆಲಸ ಮಾಡುತ್ತೇನೆ. ಸುಮಾ ಜಪಾನಿಗೆ ಹೋದ ಮೇಲೆ ಹೆಚ್ಚುಕಡಿಮೆ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದಳು. ಅಲ್ಲಿ ರಾತ್ರಿ 9 ಗಂಟೆ, ನಮಗೆ ಸಂಜೆ ಐದೂವರೆ. ಆ ಮಾತುಕತೆಯ ಟಿಪ್ಪಣಿಗಳಿಂದ, ಅವಳ ಒಪ್ಪಿಗೆ ಪಡೆದು, ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

ಸುಮಾ ಇಂಗ್ಲಿಷ್ ಟೀಚರ್ ಆಗಬೇಕು ಅಂತ ಯಾವತ್ತೂ ಅಂದುಕೊಂಡವಳಲ್ಲ. ಅವಳು ಓದಿದ್ದು ಬಿಎಸ್ಸಿ, ಬಿಎಡ್. ಇಲ್ಲಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು, ಅದನ್ನು ಪ್ರೀತಿಯಿಂದಲೇ ಮಾಡುತ್ತಿದ್ದಳು. ಗಂಡನಿಗೆ ಜಪಾನಿನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ದೇಶದ ಪಶ್ಚಿಮ ಕರಾವಳಿಯ ಕಡೆ, ಚಳಿಗಾಲದಲ್ಲಿ ಆಳೆತ್ತರ ಹಿಮ ಬೀಳುವ ಒಂದು ಸಣ್ಣ ಪಟ್ಟಣ ಅದು. ಇವಳೂ ಹೊರಟಳು.

ಅವಲಂಬಿತರ ವೀಸಾದಲ್ಲಿ ಹೋದವರು ಪ್ರತ್ಯೇಕ ಅನುಮತಿ ಪಡೆದರೆ ವಾರಕ್ಕೆ 28 ಗಂಟೆ ಮಾತ್ರ ಕೆಲಸ ಮಾಡಬಹುದು. ಜಪಾನೀ ಭಾಷೆ ಬಾರದವರಿಗೆ ಆ ಪಟ್ಟಣದಲ್ಲಿ ಗಣಿತ ಕಲಿಸುವ ಕೆಲಸ ಸಿಗುವ ಮಾತೇ ಇರಲಿಲ್ಲ. ಸಿಗುವಂಥದ್ದು ಅಂದರೆ ಒಂದೇ: ಶಾಲೆಗಳಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕಿ. ಅಲ್ಲಿ ಇದನ್ನು ಎ.ಎಲ್.ಟಿ. ಅನ್ನುತ್ತಾರೆ. ಜಪಾನ್ ಸರ್ಕಾರ 1987ರಲ್ಲಿ ಜೆಟ್ ಎಂಬ ಯೋಜನೆ ಶುರುಮಾಡಿ ಹೊರದೇಶದ ಪದವೀಧರರನ್ನು ಶಾಲೆಗಳಿಗೆ ಕರೆಸಿಕೊಳ್ಳತೊಡಗಿತು. ಅದರ ಹೊರತಾಗಿ ಖಾಸಗಿ ಕಂಪನಿಗಳೂ ಊರಿನ ಶಿಕ್ಷಣ ಮಂಡಳಿಗಳ ಜೊತೆ ಗುತ್ತಿಗೆ ಮಾಡಿಕೊಂಡು ಟೀಚರ್‌ಗಳನ್ನು ಕಳಿಸುತ್ತವೆ. ಸುಮಾ ಸೇರಿದ್ದು ಅಂಥ ಒಂದು ಕಂಪನಿಗೆ.

ಪೂರ್ತಿ ಸಮಯದ ಕೆಲಸಕ್ಕೆ ಬೋಧಕರ ವೀಸಾ ಬೇಕು. ಅದಕ್ಕೆ ಒಂದು ಷರತ್ತಿದೆ. ಯಾವ ಭಾಷೆ ಕಲಿಸುತ್ತೀರೋ ಆ ಭಾಷೆಯ ಮಾಧ್ಯಮದಲ್ಲಿ 12 ವರ್ಷ ಓದಿರಬೇಕು. ಸುಮಾ ನಾಲ್ಕನೇ ತರಗತಿವರೆಗೆ ಊರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿ, ಐದಕ್ಕೆ ತಾಲ್ಲೂಕು ಕೇಂದ್ರದ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದವಳು. ಹೈಸ್ಕೂಲು ಮುಗಿಯುವವರೆಗೆ 6 ವರ್ಷ, ಪಿಯುಸಿ 2, ಡಿಗ್ರಿ 3, ಬಿಎಡ್ 2. ಬೆರಳು ಮಡಿಸಿ ಎಣಿಸಿದರೆ 13. ಪ್ರತಿಯೊಂದು ಕಡೆಯಿಂದಲೂ ಮಾಧ್ಯಮದ ಪ್ರಮಾಣಪತ್ರ ತರಿಸಬೇಕಾಯಿತು. ಅವಳ ಅಪ್ಪ ಹಳೇ ಶಾಲೆಗೆ ಮೂರು ಸಲ ಅಲೆದರು.

ಈ ಐದನೇ ತರಗತಿಯ ವಿಷಯ ನೆನಪಿಟ್ಟುಕೊಳ್ಳಿ. ಇಡೀ ಪ್ರಕರಣ ಅದರ ಮೇಲೆ ನಿಂತಿದೆ. ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ ಮೊದಲ ವಾರ ಟೀಚರ್ ಸುಮಾಳನ್ನು ಎಬ್ಬಿಸಿ, ಎಲ್ಲಿಂದ ಬಂದೆ ಅಂತ ಕೇಳಿದ್ದರು. ಅವಳು "ಗೌರ್ಮೆಂಟ್ ಇಸ್ಕೂಲು" ಅಂದಳು. ಕ್ಲಾಸೆಲ್ಲ ನಕ್ಕಿತು. ಟೀಚರೂ ನಕ್ಕರು. ಪೂರ್ತಿ ಸರಿಯಾಗಿ ಬರುವವರೆಗೆ ಬಾಯಿ ಬಿಡಬಾರದು ಅಂತ ಅವತ್ತು ಅವಳು ತೀರ್ಮಾನ ಮಾಡಿದಳು. ಹೆಚ್ಚುಕಡಿಮೆ ಎರಡು ವರ್ಷ ಕ್ಲಾಸಿನಲ್ಲಿ ಇಂಗ್ಲಿಷ್ ಮಾತಾಡಲೇ ಇಲ್ಲ. ಈ ಕಥೆಯನ್ನು ಅವಳು ನನಗೆ ಹೇಳಿದ್ದು ಜಪಾನಿಗೆ ಹೋಗಿ ಎಂಟು ತಿಂಗಳಾದ ಮೇಲೆ. ಅದಕ್ಕೆ ಮುಂಚೆ ಗಂಡನಿಗೂ ಹೇಳಿರಲಿಲ್ಲವಂತೆ.

ಏನು ತೊಡಕಾಯಿತು

ಜಪಾನಿನಲ್ಲಿ ಶಾಲೆಯ ವರ್ಷ ಏಪ್ರಿಲ್‌ನಲ್ಲಿ ಶುರು. 2020ರಿಂದ 5 ಮತ್ತು 6ನೇ ತರಗತಿಗೆ ಇಂಗ್ಲಿಷ್ ಪೂರ್ಣ ಪ್ರಮಾಣದ ವಿಷಯವಾಗಿದೆ. ವರ್ಷಕ್ಕೆ 70 ಪೀರಿಯಡ್, ಒಂದೊಂದು 45 ನಿಮಿಷ. 3 ಮತ್ತು 4ನೇ ತರಗತಿಗೆ 35 ಪೀರಿಯಡ್, ಹೆಚ್ಚಾಗಿ ಆಟ ಮತ್ತು ಮಾತು. ಪ್ರಾಥಮಿಕ ಶಾಲೆಯಲ್ಲಿ ಹೆಚ್ಚಿನ ವಿಷಯಗಳನ್ನು ಕಲಿಸುವುದು ತರಗತಿಯ ಶಿಕ್ಷಕರೇ. ಅವರಲ್ಲಿ ಬಹಳ ಜನಕ್ಕೆ ಇಂಗ್ಲಿಷ್ ಕಲಿಸುವ ತರಬೇತಿ ಇಲ್ಲ. ಆದ್ದರಿಂದ ಹೊರಗಿನಿಂದ ಬಂದ ಸಹಾಯಕಿಯ ಮೇಲೆ ಭಾರ ಜಾಸ್ತಿ.

ಸುಮಾಳಿಗೆ ಎರಡು ಪ್ರಾಥಮಿಕ ಶಾಲೆ ಮತ್ತು ಒಂದು ಮಾಧ್ಯಮಿಕ ಶಾಲೆ ಸಿಕ್ಕಿದವು. ಮೊದಲ ತಿಂಗಳೇ ಅವಳಿಗೆ ಒಂದು ವಿಷಯ ಗೊತ್ತಾಯಿತು. ಇಂಗ್ಲಿಷ್ ಟೀಚರ್ ಅಂದರೆ ಅಮೆರಿಕದವರು, ಬ್ರಿಟನ್ನಿನವರು ಅಂತ ಎಲ್ಲರ ಮನಸ್ಸಿನಲ್ಲೂ ಒಂದು ಚಿತ್ರ ಇತ್ತು. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ಅದನ್ನು ಸುಮಾ ಪ್ರತಿ ಸಲ ಒತ್ತಿ ಹೇಳುತ್ತಿದ್ದಳು. ಆದರೆ ಕಂಪನಿಯಿಂದ ಕ್ಲಾಸ್ ನೋಡಲು ಬಂದವರು, ಭಾರತದ ವಿಷಯ ಸ್ವಲ್ಪ ಕಡಿಮೆ ಇರಲಿ, ಇಂಗ್ಲಿಷ್ ದೇಶಗಳ ಹಬ್ಬಹರಿದಿನ ಜಾಸ್ತಿ ಇರಲಿ ಅಂದರು. ಒಂದು ಕ್ಲಾಸಿನಲ್ಲಿ, ಅವಳು ಪಕ್ಕದಲ್ಲೇ ನಿಂತಿರುವಾಗ, ಉಚ್ಚಾರಣೆಗೆ ಡಿಜಿಟಲ್ ಪಠ್ಯದ ಧ್ವನಿಯನ್ನೇ ಹಾಕುತ್ತಿದ್ದರು. ಮಕ್ಕಳು ಆ ಧ್ವನಿಯನ್ನು ಒಟ್ಟಿಗೆ ಹೇಳುವರು. ಒಬ್ಬೊಬ್ಬರಾಗಿ ಹೇಳಿ ಅಂದರೆ ಮೌನ.

ನನ್ನ ಟಿಪ್ಪಣಿಯಲ್ಲಿ ಜೂನ್ ತಿಂಗಳ ಒಂದು ಸಾಲು ಹೀಗಿದೆ: "ಅಕ್ಕಾ, ನಾನಿಲ್ಲಿ ಟೇಪ್ ರೆಕಾರ್ಡರ್. ಅದೂ ಕ್ಯಾಸೆಟ್ ಸರಿ ಇಲ್ಲದ್ದು."

ಈ ಹಂತದಲ್ಲಿ ನಾನು ಒಂದು ತಪ್ಪು ಸಲಹೆ ಕೊಟ್ಟೆ. ಉಚ್ಚಾರಣೆಯನ್ನು ತಿದ್ದಿಕೋ, ಆತ್ಮವಿಶ್ವಾಸ ಬರುತ್ತೆ ಅಂದೆ. ತರಬೇತಿಯಲ್ಲಿ ಇಷ್ಟು ವರ್ಷ ಇದ್ದವಳು ಕೇಳಬೇಕಾಗಿದ್ದ ಪ್ರಶ್ನೆ ಬೇರೆ. ಆ ಮಕ್ಕಳು ಯಾಕೆ ಮಾತಾಡುತ್ತಿಲ್ಲ ಅಂತ ನಾನು ಕೇಳಲಿಲ್ಲ.

ಏನೇನು ಮಾಡಿ ನೋಡಿದಳು

ಸುಮಾ ನನ್ನ ಮಾತು ಕೇಳಿದಳು. ದಿನಾ ಬೆಳಿಗ್ಗೆ ಅರ್ಧ ಗಂಟೆ ಅಮೆರಿಕದವರ ವಿಡಿಯೋ ಹಾಕಿಕೊಂಡು ಹಾಗೇ ಹೇಳಿ ಅಭ್ಯಾಸ ಮಾಡಿದಳು. ಕ್ಲಾಸಿನಲ್ಲಿ "ವಾಟರ್" ಅನ್ನುವುದನ್ನು "ವಾಡರ್" ಅಂದಳು. ಮಕ್ಕಳಿಗೆ ಇನ್ನೂ ಗೊಂದಲವಾಯಿತು. ಅವಳ ಗಮನವೆಲ್ಲ ತನ್ನ ನಾಲಿಗೆಯ ಮೇಲೆ. ಮಕ್ಕಳ ಮುಖ ನೋಡಲು ಪುರುಸೊತ್ತೇ ಇರಲಿಲ್ಲ.

ಬೇಸಿಗೆ ರಜೆ ಮುಗಿದ ಮೇಲೆ ಆಟಗಳಿಗೆ ಕೈ ಹಾಕಿದಳು. ಚಿತ್ರದ ಕಾರ್ಡು, ಗೆದ್ದವರಿಗೆ ಸ್ಟಿಕ್ಕರು. ಗದ್ದಲ ಜಾಸ್ತಿಯಾಯಿತು, ಮಾತು ಜಾಸ್ತಿಯಾಗಲಿಲ್ಲ. ಯಾವಾಗಲೂ ಗೆಲ್ಲುವ ಅದೇ ನಾಲ್ಕು ಮಕ್ಕಳ ಪುಸ್ತಕದ ತುಂಬ ಸ್ಟಿಕ್ಕರು. ಐದನೇ ತರಗತಿಯ ಒಬ್ಬ ಹುಡುಗಿಯ ಹಾಳೆಯಲ್ಲಿ ಒಂದೂ ಇಲ್ಲ. ಅವಳು ಗಾಬರಿಯಲ್ಲೂ ಇರುತ್ತಿರಲಿಲ್ಲ, ಬೇಸರದಲ್ಲೂ ಇರುತ್ತಿರಲಿಲ್ಲ. ಸುಮ್ನೆ ಕೂತಿರುತ್ತಿದ್ದಳು. ಅಕ್ಟೋಬರಿನಲ್ಲಿ ಸುಮಾ ಸ್ಟಿಕ್ಕರು ಕೊಡುವುದನ್ನು ನಿಲ್ಲಿಸಿದಳು. ಆಗ ಅವಳು ಸ್ವಂತವಾಗಿ ತೆಗೆದುಕೊಂಡ ಮೊದಲ ತೀರ್ಮಾನ ಅದು. ಚಿಕ್ಕದು ಅನ್ನಿಸಬಹುದು, ಆದರೆ ಗೆಲ್ಲುವ ಮಕ್ಕಳ ಮೇಲಿಂದ ಅವಳ ಕಣ್ಣು ಉಳಿದವರ ಕಡೆ ತಿರುಗಿದ್ದು ಅಲ್ಲಿಂದ.

ಅದೇ ತಿಂಗಳು ಹ್ಯಾಲೋವೀನ್ ಮಾಡಿದರು. ಕಾಗದದ ಕುಂಬಳಕಾಯಿ ಕತ್ತರಿಸಿದರು. ಅದರ ಬಗ್ಗೆ ಸುಮಾಳಿಗೂ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ.

ತಿರುವು: ನೆಲ ಒರೆಸುವ ಹೊತ್ತು

ಜಪಾನಿನ ಶಾಲೆಗಳಲ್ಲಿ ಮಕ್ಕಳೇ ಶಾಲೆಯನ್ನು ಶುಚಿ ಮಾಡುತ್ತಾರೆ. ಅದಕ್ಕೆ ದಿನದ ವೇಳಾಪಟ್ಟಿಯಲ್ಲಿ ಸಮಯ ಇರುತ್ತದೆ. ಕೈಯಲ್ಲಿ ಹಿಂಡಿದ ಬಟ್ಟೆ, ಮೊಣಕಾಲು ಎತ್ತಿ ಬಗ್ಗಿಕೊಂಡು, ಕಾರಿಡಾರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಬಟ್ಟೆಯನ್ನು ತಳ್ಳುತ್ತಾ ಓಡುತ್ತಾರೆ. ಸುಮಾ ಆ ಹೊತ್ತಿನಲ್ಲಿ ಸ್ಟಾಫ್ ರೂಮಿನಲ್ಲಿ ಕೂತಿರಬಹುದಿತ್ತು. ಆದರೆ ಮಕ್ಕಳು ನೆಲ ಒರೆಸುವಾಗ ತಾನು ಕೂತಿರುವುದು ಸರಿ ಅನ್ನಿಸದೆ ಮೊದಲಿನಿಂದಲೂ ಅವರ ಜೊತೆ ಬಟ್ಟೆ ಹಿಡಿಯುತ್ತಿದ್ದಳು.

ನವೆಂಬರಿನ ಒಂದು ದಿನ. ಹೊರಗೆ ಮಳೆಗೆ ಹಿಮ ಬೆರೆತು ಬೀಳುತ್ತಿತ್ತು. ನೀರು ಕೈ ಕೊರೆಯುವಷ್ಟು ತಣ್ಣಗಿತ್ತು. ಸುಮಾ ಬಟ್ಟೆ ಹಿಂಡಲು ಸುತ್ತಮುತ್ತ ನೋಡಿದಾಗ, ಆ ಮಾತಾಡದ ಹುಡುಗಿ ನೀಲಿ ಪ್ಲಾಸ್ಟಿಕ್ ಬಕೆಟ್ಟನ್ನು ಅವಳ ಕಡೆ ತಳ್ಳಿ, ಮೆಲ್ಲಗೆ "ಬಕೆತ್ಸು" ಅಂದಳು. ಬಕೆಟ್ಟಿಗೆ ಜಪಾನಿನಲ್ಲಿ ಅನ್ನುವುದೇ ಹಾಗೆ.

ಸುಮಾಳ ಕಿವಿಗೆ ಅದು ತನ್ನ ಅಜ್ಜಿಯ ದನಿಯಲ್ಲಿ ಬಿತ್ತಂತೆ. ಬಚ್ಚಲುಮನೆಯಿಂದ "ಬಕೀಟು ಕೊಡೇ" ಅನ್ನುವ ದನಿ. ಅವಳು ಯೋಚನೆ ಮಾಡದೆ "ಬಕೀಟು!" ಅಂದುಬಿಟ್ಟಳು.

ಹುಡುಗಿ ತಲೆ ಎತ್ತಿದಳು. "ಬಕೀಟು?"

"ಹೂಂ, ಬಕೀಟು. ಇಂದೋ." ಇಂದೋ ಅಂದರೆ ಭಾರತ.

ಹುಡುಗಿ ತಿರುಗಿ ಬಕೆಟ್ಟನ್ನು ತೋರಿಸಿ, "ಬಕೆತ್ಸು. ಬಕೀಟು," ಅಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೇ ಕೇಳಿದಳು: "ಎಯ್ಗೋ ವಾ?" ಇಂಗ್ಲಿಷಿನಲ್ಲಿ?

ಏಳು ತಿಂಗಳಲ್ಲಿ ಆ ಮಗು ಕೇಳಿದ ಮೊದಲ ಪ್ರಶ್ನೆ ಅದು. ಇಂಗ್ಲಿಷನ್ನು ತಾನಾಗಿ ಕೇಳಿದ್ದು. ಆ ಭಾನುವಾರ ಸುಮಾ ಫೋನಿನಲ್ಲಿ ಇದನ್ನು ಹೇಳುವಾಗ ನಡುವೆ ಅತ್ತಳು. ಐದನೇ ಕ್ಲಾಸಿನ "ಇಸ್ಕೂಲು" ಕಥೆ ಹೊರಗೆ ಬಂದದ್ದು ಆಗಲೇ. "ನಾನು ಮುಚ್ಚಿಟ್ಕೊಂಡಿದ್ದನ್ನೇ ಅವಳು ಬಕೆಟ್ಟಲ್ಲಿ ಇಟ್ಟು ನನ್ನ ಮುಂದೆ ತಳ್ಳಿದಳು ಅಕ್ಕಾ," ಅಂದಳು.

ಇಲ್ಲಿ ಸ್ವಲ್ಪ ನಿಂತು ಭಾಷೆಯ ವಿಷಯ ಹೇಳಬೇಕು. ಆಡುಮಾತಿನ ಕನ್ನಡದಲ್ಲಿ ಪದಗಳು ಸ್ವರದಲ್ಲಿ ಮುಗಿಯಬೇಕು. ಹಳಗನ್ನಡದ ಕಣ್ ಈಗ ಕಣ್ಣು, ಪಾಲ್ ಈಗ ಹಾಲು. ಹಾಗಾಗಿಯೇ ಇಂಗ್ಲಿಷಿನ ಪದ ನಮ್ಮ ಬಾಯಿಗೆ ಬಂದ ಕೂಡಲೇ ಅದಕ್ಕೊಂದು "ಉ" ಅಂಟಿಕೊಳ್ಳುತ್ತದೆ: ಬಸ್ಸು, ಬುಕ್ಕು, ಕಪ್ಪು, ಡೆಸ್ಕು. ಜಪಾನೀ ಭಾಷೆಯಲ್ಲೂ ಅಷ್ಟೇ. "ನ್" ಒಂದನ್ನು ಬಿಟ್ಟರೆ ಪದ ವ್ಯಂಜನದಲ್ಲಿ ಮುಗಿಯುವುದಿಲ್ಲ. ಅವರ ಬಾಯಲ್ಲಿ ಬಸ್ "ಬಸು" ಆಗುತ್ತದೆ, ಡೆಸ್ಕ್ "ದೆಸುಕು" ಆಗುತ್ತದೆ. ಬುಕ್ "ಬುಕ್ಕು" ಆಗುತ್ತದೆ, ಕಪ್ "ಕಪ್ಪು" ಆಗುತ್ತದೆ, ಥೇಟ್ ನಮ್ಮ ಹಾಗೆ. ಶಾಲೆಗೆ ನಮ್ಮ ಕಡೆ "ಇಸ್ಕೂಲು", ಅವರ ಕಡೆ "ಸುಕೂರು". ಎರಡು ನುಡಿಗಳೂ ಆ ಜೋಡಿ ವ್ಯಂಜನವನ್ನು ಬಿಡಿಸಲು ಒಂದು ಸ್ವರವನ್ನು ಕರೆದವು, ನಾವು ಮುಂದೆ ಇಟ್ಟೆವು, ಅವರು ನಡುವೆ ಇಟ್ಟರು.

ಅಮೆರಿಕದಿಂದ ಬಂದ ಸಹಾಯಕರಿಗೆ "ಬುಕ್ಕು" ಕೇಳಿದರೆ ತಪ್ಪು ಅನ್ನುವುದು ಗೊತ್ತಾಗುತ್ತದೆ. ಅದು ಎಲ್ಲಿಂದ ಬಂತು, ಅದನ್ನು ಬಿಡಿಸುವುದು ನಾಲಿಗೆಗೆ ಎಷ್ಟು ಕಷ್ಟ ಅನ್ನುವುದು ಸುಮಾಳಿಗೆ ಗೊತ್ತಿತ್ತು. ಹತ್ತು ವರ್ಷದ ಹುಡುಗಿಯಾಗಿದ್ದಾಗ ಅವಳು ಅದನ್ನು ಒಬ್ಬಳೇ ಕೂತು ಬಿಡಿಸಿಕೊಂಡಿದ್ದಳು.

ಮುಂದಿನ ತೀರ್ಮಾನ

ಖುಷಿಯಲ್ಲಿ ಮರುದಿನವೇ ಕ್ಲಾಸಿನಲ್ಲಿ ಶುರುಮಾಡಿಬಿಡಬಹುದಿತ್ತು. ಸುಮಾ ಹಾಗೆ ಮಾಡಲಿಲ್ಲ. ಇದು ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಅವಳ ಗುತ್ತಿಗೆಯ ಪ್ರಕಾರ ಪಾಠದ ಬದಲಾವಣೆ ಏನಿದ್ದರೂ ಕಂಪನಿಯ ಮೂಲಕವೇ ಆಗಬೇಕು. ಶಾಲೆಯವರು ಅವಳಿಗೆ ನೇರವಾಗಿ ಹೀಗೆ ಮಾಡು, ಹಾಗೆ ಮಾಡು ಅಂತ ಹೇಳುವ ಹಾಗಿಲ್ಲ. ಅವಳು ಒಂದು ಪುಟದ ಯೋಜನೆ ಬರೆದಳು. ವಾರಕ್ಕೆ ಒಂದು ಪೀರಿಯಡ್ಡಿನಲ್ಲಿ ಹತ್ತೇ ನಿಮಿಷ, ಐದನೇ ತರಗತಿಗೆ ಮಾತ್ರ, ಪಠ್ಯದಲ್ಲಿ ಆ ವಾರ ಬರುವ ಪದಗಳೇ. ಭಾರತದ ವಿಷಯ ಕಡಿಮೆ ಇರಲಿ ಅಂದವರಿಗೆ ಕನ್ನಡ ಯಾಕೆ ಬೇಕು ಅಂತ ವಿವರಿಸುವುದು ಸುಲಭವಿರಲಿಲ್ಲ. ಅವಳು "ಸಂಸ್ಕೃತಿ" ಅನ್ನುವ ಪದವನ್ನೇ ಬಳಸಲಿಲ್ಲ. ಪದದ ಕೊನೆಯ ಸ್ವರವನ್ನು ಬಿಡಿಸಲು ಇದೊಂದು ದಾರಿ ಅಂತ ಬರೆದಳು. ಎರಡು ವಾರ ಕಾದಳು. ಒಪ್ಪಿಗೆ ಬಂತು.

ಎರಡನೆಯದು, ತರಗತಿಯ ಶಿಕ್ಷಕಿಯನ್ನು ಜೊತೆಗೆ ತೆಗೆದುಕೊಂಡದ್ದು. ಐವತ್ತು ದಾಟಿದ, ತುಂಬ ಅನುಭವವಿರುವ ಹೆಂಗಸು. ಮಕ್ಕಳಿಗೆ ಅವರೆಂದರೆ ಪ್ರಾಣ. ಆದರೆ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಅವರು ಗೋಡೆಗೆ ಒರಗಿ ನಿಂತುಬಿಡುತ್ತಿದ್ದರು. ಅವರಿಗೆ ಇಂಗ್ಲಿಷ್ ಅಂದರೆ ಭಯ ಅಂತ ಸುಮಾಳಿಗೆ ಅರ್ಥವಾಗಲು ಇಷ್ಟು ತಿಂಗಳು ಬೇಕಾಯಿತು. ಸಂಜೆ ಮಕ್ಕಳು ಹೋದ ಮೇಲೆ ಇಬ್ಬರೂ ಕೂತು, ಮೊಬೈಲಿನ ಅನುವಾದ ಆ್ಯಪ್ ಇಟ್ಟುಕೊಂಡು, ದೊಡ್ಡ ಹಾಳೆಯಲ್ಲಿ ಮೂರು ಕಾಲಂ ಎಳೆದರು. ಕನ್ನಡದ ಊರ ಮಾತು, ಜಪಾನಿನ ಮಾತು, ಇಂಗ್ಲಿಷ್. ಕಾಪಿ, ಕೋಹೀ, ಕಾಫಿ. ಬುಕ್ಕು, ಬುಕ್ಕು, ಬುಕ್. ಸುಮಾ "ಇಸ್ಕೂಲು" ಬರೆದು, ಅದರ ಕಥೆಯನ್ನೂ ಹೇಳಿದಳು. ಆ ಶಿಕ್ಷಕಿ ತುಂಬ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ ಆ್ಯಪ್‌ನಲ್ಲಿ ಟೈಪ್ ಮಾಡಿ ತೋರಿಸಿದರು: ನನಗೂ ಹೀಗೇ ಆಗಿದೆ.

ಏನಾಯಿತು

ಮೊದಲ ದಿನ ಸುಮಾ ಮಕ್ಕಳ ಎದುರು ನಿಂತು ತನ್ನ ಐದನೇ ತರಗತಿಯ ಕಥೆ ಹೇಳಿದಳು. ಶಿಕ್ಷಕಿ ಅದನ್ನು ಜಪಾನೀ ಭಾಷೆಯಲ್ಲಿ ಹೇಳಿದರು. ಸುಮಾ ಸೆನ್ಸೇಯನ್ನು ನೋಡಿ ನಕ್ಕರು ಅನ್ನುವಲ್ಲಿ ಮಕ್ಕಳು ನಗಲಿಲ್ಲ. ಸೆನ್ಸೇ ಅಂದರೆ ಟೀಚರ್. ಒಬ್ಬ ಹುಡುಗ "ಹಿದೋಯಿ" ಅಂದ. ಅಂದರೆ, ಎಂಥಾ ಅನ್ಯಾಯ.

ಆಮೇಲೆ ಆಟ. ಜಪಾನಿನ ಮಕ್ಕಳೆಲ್ಲರಿಗೂ ಗೊತ್ತಿರುವ ಒಂದು ಆಟವಿದೆ, ಶಿಪ್ಪೊ ತೋರಿ. ಶಿಪ್ಪೊ ಅಂದರೆ ಬಾಲ. ಎಲ್ಲರೂ ಸೊಂಟಕ್ಕೆ ಹಿಂದೆ ಒಂದು ಪಟ್ಟಿ ಸಿಕ್ಕಿಸಿಕೊಂಡು, ಒಬ್ಬರ ಬಾಲವನ್ನು ಇನ್ನೊಬ್ಬರು ಕಿತ್ತುಕೊಳ್ಳುವುದು. ಸುಮಾ ಅದನ್ನೇ ತಂದಳು. ಇಲ್ಲಿ ಬಾಲ ಇರುವುದು ಪದಕ್ಕೆ. "ಬುಕ್ಕು" ಅನ್ನುವುದಕ್ಕೆ ಬಾಲ ಇದೆ, "ಬುಕ್" ಅನ್ನುವುದಕ್ಕೆ ಇಲ್ಲ. ಇಬ್ಬಿಬ್ಬರು ಎದುರುಬದುರು ನಿಂತು ಪದ ಹೇಳಬೇಕು. ಹೇಳುವಾಗ ಬಲಗೈಯನ್ನು ಕತ್ತಿಯ ಹಾಗೆ ಇಳಿಸಿ, ಅಲ್ಲೇ ಬಾಯಿ ನಿಲ್ಲಿಸಬೇಕು. ಬಾಲ ಕೇಳಿಸಿದರೆ ಎದುರಿನವರು ಪಟ್ಟಿ ಕಿತ್ತುಕೊಳ್ಳಬಹುದು. ಒಂದೇ ಒಂದು ನಿಯಮವನ್ನು ಅವಳು ಸೇರಿಸಿದ್ದಳು. ಬಾಲ ಕಳೆದುಕೊಂಡವರು ಆಟದಿಂದ ಹೊರಗೆ ಹೋಗುವುದಿಲ್ಲ, ಸುಮಾ ಸೆನ್ಸೇ ಹತ್ತಿರ ಬಂದು ಕನ್ನಡದ ಬಾಲ ತೆಗೆದುಕೊಂಡು ಹೋಗಬೇಕು. ಅಂದರೆ "ಬುಕ್ಕು" ಅಂತ ಕನ್ನಡದಲ್ಲಿ ಜೋರಾಗಿ ಹೇಳಿ, ಹೊಸ ಪಟ್ಟಿ ಸಿಕ್ಕಿಸಿಕೊಂಡು, ಮತ್ತೆ ಆಟಕ್ಕೆ. ತಪ್ಪು ಮಾಡಿದವರಿಗೂ ಅಲ್ಲೊಂದು ಹೇಳುವ ಮಾತು ಇತ್ತು. ಅದು ಇನ್ನೊಂದು ಭಾಷೆಯಲ್ಲಿ ಸರಿಯಾದ ಮಾತಾಗಿತ್ತು.

ಮೊದಲು ಬಾಲ ಕಳೆದುಕೊಂಡದ್ದು ತರಗತಿಯ ಶಿಕ್ಷಕಿ. ಅವರು ಎಲ್ಲರ ಎದುರು "ಬುಕ್ಕು!" ಅಂತ ಕೂಗಿ ಪಟ್ಟಿ ತೆಗೆದುಕೊಂಡರು. ಮಕ್ಕಳು ಚಪ್ಪಾಳೆ ಹೊಡೆದರು. ಇಡೀ ವರ್ಷ ಗೋಡೆಗೆ ಒರಗಿದ್ದವರು ಅವತ್ತಿನಿಂದ ನಡುವೆ ಬಂದರು. ನನ್ನನ್ನು ಕೇಳಿದರೆ ನಿಜವಾದ ತಿರುವು ಇದೇ. ಬಕೆಟ್ಟು ಸುಮಾಳನ್ನು ಬದಲಿಸಿತು. ಆದರೆ ತಮ್ಮ ಟೀಚರ್ ತಪ್ಪಿದ್ದನ್ನು, ತಪ್ಪಿಯೂ ನಗುತ್ತಾ ನಿಂತದ್ದನ್ನು ಮಕ್ಕಳು ಕಣ್ಣಾರೆ ನೋಡಿದ್ದು ಕ್ಲಾಸನ್ನು ಬದಲಿಸಿತು.

ಆ ಹತ್ತು ನಿಮಿಷದಿಂದ ಬೇರೆ ಬೇರೆ ದಾರಿಗಳು ತೆರೆದವು. ಒಂದನ್ನು ಹೇಳುತ್ತೇನೆ. "ನೀನು ಊಟ ಮಾಡಿಲ್ವಾ?" ಅಂತ ಕೇಳಿದರೆ ನಾವು "ಹೂಂ, ಮಾಡಿಲ್ಲ" ಅನ್ನುತ್ತೇವೆ. ಜಪಾನಿನವರೂ ಹಾಗೇ, "ಹೌದು, ಮಾಡಿಲ್ಲ". ಇಂಗ್ಲಿಷಿನಲ್ಲಿ ಅಲ್ಲಿ "ನೋ" ಬರಬೇಕು. ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ಸುಮಾಳಿಗೆ ಎಡವುವ ಮುಂಚೆಯೇ ಗೊತ್ತಿತ್ತು. ಯಾಕೆಂದರೆ ಆ ಕಲ್ಲನ್ನು ಅವಳೇ ಎಡವಿದ್ದಳು. ವಿ ಮತ್ತು ಡಬ್ಲ್ಯು ನಡುವಿನ ವ್ಯತ್ಯಾಸದಲ್ಲಿ ತಾನು ಈಗಲೂ ತಪ್ಪುತ್ತೇನೆ ಅಂತ ಮಕ್ಕಳಿಗೆ ಹೇಳಿದಳು. ನಮ್ಮ "ವ" ಒಂದೇ ಅಲ್ವಾ? ಆ ಎರಡು ಧ್ವನಿಗೆ ಡಿಜಿಟಲ್ ಪಠ್ಯದ ಧ್ವನಿಯನ್ನು ಅವಳೇ ಹಾಕಿ, ಮಕ್ಕಳ ಸಾಲಿನಲ್ಲಿ ಕೂತು ಕೇಳಿದಳು. ಜೂನ್‌ನಲ್ಲಿ ಅವಮಾನ ಅನ್ನಿಸಿದ್ದ ಅದೇ ಯಂತ್ರ, ಜನವರಿಯಲ್ಲಿ ಒಂದು ಉಪಯೋಗದ ವಸ್ತು ಆಗಿತ್ತು.

ಇನ್ನೊಂದು ಫೆಬ್ರವರಿಯಲ್ಲಿ ಆದದ್ದು. ಕನ್ನಡದ ಅಕ್ಷರಮಾಲೆ ಹೇಗಿರುತ್ತೆ ಅಂತ ಶಿಕ್ಷಕಿ ಕೇಳಿದರು. ಸುಮಾ ಬೋರ್ಡಿನ ಮೇಲೆ ಅವರ ಅಕ್ಷರಗಳ ಕೆಳಗೆ ನಮ್ಮದನ್ನು ಬರೆಯುತ್ತಾ ಹೋದಳು: ಅ ಇ ಉ ಎ ಒ. ಆಮೇಲೆ ಸಾಲುಗಳು: ಕ, ಸ, ತ, ನ, ಹ, ಮ, ಯ, ರ, ವ. ಹೆಚ್ಚುಕಡಿಮೆ ನಮ್ಮದೇ ಕ್ರಮ! ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರಗಳಿಗಾಗಿ ಕಲಿತ ಸಿದ್ಧಂ ಲಿಪಿಯ ಜೊತೆಯಲ್ಲಿ ಈ ವರ್ಣಕ್ರಮ ಜಪಾನಿಗೆ ಹೋಗಿತ್ತು. ನಮ್ಮಲ್ಲಿ "ಪ" ಇರಬೇಕಾದ ಜಾಗದಲ್ಲಿ ಅವರಲ್ಲಿ "ಹ" ಇದೆ. ಯಾಕೆಂದರೆ ಹಿಂದೆ ಅದು "ಪ" ಆಗಿತ್ತು, ಕಾಲಕ್ರಮದಲ್ಲಿ "ಹ" ಆಯಿತು, ನಮ್ಮ ಪಾಲ್ ಹಾಲು ಆದ ಹಾಗೆ. ಇದನ್ನು ಫೋನಿನಲ್ಲಿ ಕೇಳಿದ ರಾತ್ರಿ ನನಗೆ ತುಂಬ ಹೊತ್ತು ನಿದ್ದೆ ಬರಲಿಲ್ಲ. ಆ ವಾರ ಮಕ್ಕಳೆಲ್ಲ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಸಿಕೊಂಡರು. ಹಿಮ ಬೀಳುವ ಊರಿನ ತರಗತಿಯ ಗೋಡೆಯ ಮೇಲೆ ಮಾರ್ಚ್‌ವರೆಗೆ ಕನ್ನಡದ ಹೆಸರುಗಳು ಇದ್ದವು.

ಎಲ್ಲ ಕಡೆಯೂ ಹೀಗಾಗಲಿಲ್ಲ. ಮಾಧ್ಯಮಿಕ ಶಾಲೆಯಲ್ಲಿ ಇದೇ ಆಟ ಕೈ ಹಿಡಿಯಲಿಲ್ಲ. ಅಲ್ಲಿಯ ಮಕ್ಕಳಿಗೆ ಮುಂದೆ ಹೈಸ್ಕೂಲಿನ ಪ್ರವೇಶ ಪರೀಕ್ಷೆ ಇತ್ತು. ಇಂಗ್ಲಿಷ್ ಶಿಕ್ಷಕರಿಗೆ ವ್ಯಾಕರಣ ಮುಗಿಸುವ ಅವಸರ. ಹದಿನಾಲ್ಕು ವರ್ಷದ ಹುಡುಗರಿಗೆ ಬಾಲ ಸಿಕ್ಕಿಸಿಕೊಳ್ಳುವುದು ಚಿಕ್ಕ ಮಕ್ಕಳಾಟ ಅನ್ನಿಸಿತು. ಎರಡು ವಾರದಲ್ಲಿ ಸುಮಾ ಅದನ್ನು ಅಲ್ಲಿ ನಿಲ್ಲಿಸಿದಳು. ಪ್ರಾಥಮಿಕ ಶಾಲೆಯಲ್ಲೂ ಎಲ್ಲ ಮಕ್ಕಳ ಉಚ್ಚಾರಣೆ ಪೂರ್ತಿ ತಿದ್ದಿತು ಅಂತ ನಾನು ಹೇಳಲಾರೆ. ಅವಸರದಲ್ಲಿ ಹೇಳುವಾಗ ಬಾಲ ವಾಪಸ್ ಬರುತ್ತದೆ. ಆದರೆ ವರ್ಷದ ಕೊನೆಯ ಮಾತಿನ ಪರೀಕ್ಷೆಯಲ್ಲಿ, ಒಬ್ಬೊಬ್ಬರೇ ಎದ್ದು ತಮ್ಮ ಬಗ್ಗೆ ಹೇಳಬೇಕಾದಾಗ, ಬಾಯಿ ಬಿಡದೆ ಕೂತ ಮಗು ಒಂದೂ ಇರಲಿಲ್ಲ. ಆ ಹುಡುಗಿ ಮೂರು ವಾಕ್ಯ ಹೇಳಿದಳು. ಎರಡನೆಯದರಲ್ಲಿ ತಪ್ಪಿತು. ತಾನೇ ಕೈಯನ್ನು ಕತ್ತಿಯ ಹಾಗೆ ಇಳಿಸಿ, ಮತ್ತೆ ಹೇಳಿದಳು.

ಸುಮಾಳ ವಿಷಯ? ಡಿಸೆಂಬರಿನ ನನ್ನ ಟಿಪ್ಪಣಿ: "ಅಕ್ಕಾ, ಭಾನುವಾರ ರಾತ್ರಿ ಆದ್ರೆ ಈಗ ಹೊಟ್ಟೆ ತೊಳಸಲ್ಲ. ಸೋಮವಾರ ಯಾವಾಗ ಬರುತ್ತೋ ಅಂತ ಕಾಯ್ತೀನಿ." ಗಣಿತದ ಕ್ಲಾಸಿನಲ್ಲಿ ಇಂಥ ಖುಷಿ ಸಿಗುತ್ತಿರಲಿಲ್ವಾ ಅಂತ ಕೇಳಿದೆ. ಅವಳು ಯೋಚನೆ ಮಾಡಿ ಹೇಳಿದಳು: "ಗಣಿತ ನನಗೆ ಮೊದಲಿನಿಂದ ಬರ್ತಿತ್ತು. ಬಾರದೇ ಇದ್ದಾಗ ಹೇಗಿರುತ್ತೆ ಅಂತ ನೆನಪೇ ಇಲ್ಲ. ಇಂಗ್ಲಿಷ್ ಬಾರದೇ ಇದ್ದಾಗ ಹೇಗಿತ್ತು ಅಂತ ಒಂದೊಂದು ದಿನವೂ ನೆನಪಿದೆ."

ಇದೇ ಥರ ಹೊರಟವರಿಗೆ

ಹೊರದೇಶಕ್ಕೆ ಇಂಗ್ಲಿಷ್ ಕಲಿಸಲು ಹೋಗುವ ನಮ್ಮವರು ಈಗ ಕೇಳಿದರೆ ಉಚ್ಚಾರಣೆಯ ವಿಡಿಯೋ ಬಗ್ಗೆ ನಾನು ಮೊದಲು ಮಾತಾಡುವುದಿಲ್ಲ. ನೀವು ಇಂಗ್ಲಿಷ್ ಕಲಿತ ಮೊದಲ ವರ್ಷ ನೆನಪಿದೆಯಾ, ಯಾವ ಪದಕ್ಕೆ ಯಾರು ನಕ್ಕರು, ಅಂತ ಕೇಳುತ್ತೇನೆ. ಅದನ್ನು ಒಂದು ಹಾಳೆಯಲ್ಲಿ ಬರೆಸುತ್ತೇನೆ. ಬರೆಯುವಾಗ ಕೆಲವರ ಕೈ ನಡುಗುತ್ತದೆ. ಆ ಹಾಳೆ ಎಲ್ಲ ದೇಶಕ್ಕೂ ಹೊಂದುವುದಿಲ್ಲ. ಕನ್ನಡ ಮತ್ತು ಜಪಾನೀ ಭಾಷೆಗೆ ಸಿಕ್ಕ ಹೋಲಿಕೆ ಥಾಯ್ ಭಾಷೆಗೆ ಸಿಗಲಾರದು. ಅಲ್ಲಿಗೆ ಹೋಗುವವರು ಅಲ್ಲಿಯ ಮಕ್ಕಳ ನಾಲಿಗೆಯನ್ನು ಹೊಸದಾಗಿ ಕೇಳಿಸಿಕೊಳ್ಳಬೇಕು.

ಶಾಲೆಯ ಶಿಕ್ಷಕರನ್ನು ಬಿಟ್ಟು ಒಬ್ಬರೇ ಏನನ್ನೂ ಶುರುಮಾಡಬೇಡಿ ಅಂತಲೂ ಹೇಳುತ್ತೇನೆ. ಸುಮಾ ಎರಡು ವಾರ ಕಾದದ್ದು, ಹತ್ತೇ ನಿಮಿಷ ಕೇಳಿದ್ದು, ಸಂಜೆ ಆ ಹೆಂಗಸಿನ ಜೊತೆ ಕೂತದ್ದು ಇಲ್ಲದೇ ಇದ್ದರೆ, ಆ ಆಟ ಹೊರಗಿನಿಂದ ಬಂದವಳ ಒಂದು ವಿಚಿತ್ರ ಆಗಿ ಮುಗಿದುಹೋಗುತ್ತಿತ್ತು. ನನಗೆ ಇನ್ನೂ ಬೇಸರವಿರುವುದು ನನ್ನ ಜೂನ್ ತಿಂಗಳ ಸಲಹೆಯ ಬಗ್ಗೆ. ಐದು ತಿಂಗಳು ಅವಳು ಬೇರೆ ಯಾರದೋ ಬಾಯಿ ಹುಡುಕಿಕೊಂಡು ಅಲೆದಳು.

ಮುಂದಿನ ಏಪ್ರಿಲ್

ಜಪಾನಿನಲ್ಲಿ ಶಿಕ್ಷಕರ ವರ್ಗಾವಣೆ ವಸಂತದಲ್ಲಿ ಆಗುತ್ತದೆ. ಆ ಶಿಕ್ಷಕಿ ಬೇರೆ ಊರಿಗೆ ಹೋದರು. ಹೋಗುವಾಗ ಮೂರು ಕಾಲಮ್ಮಿನ ಹಾಳೆಯ ಫೋಟೋ ತೆಗೆದುಕೊಂಡರು, ಹಾಳೆಯನ್ನು ಸುಮಾಳಿಗೆ ಬಿಟ್ಟರು. ಹೊಸದಾಗಿ ಬಂದವರು ಯುವಕರು, ಇಂಗ್ಲಿಷ್ ಚೆನ್ನಾಗಿಯೇ ಬರುವವರು. ಅವರ ಜೊತೆ ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕಾಯಿತು. ಮೊದಲ ಎರಡು ತಿಂಗಳು ಆಟ ನಡೆಯಲೇ ಇಲ್ಲ.

ಆ ಶಾಲೆಯಲ್ಲಿ ಶುಚಿ ಮಾಡುವ ಗುಂಪುಗಳಲ್ಲಿ ಎಲ್ಲ ತರಗತಿಯ ಮಕ್ಕಳನ್ನೂ ಬೆರೆಸುತ್ತಾರೆ. ದೊಡ್ಡವರು ಚಿಕ್ಕವರಿಗೆ ಬಟ್ಟೆ ಹಿಂಡುವುದನ್ನು ಹೇಳಿಕೊಡಬೇಕು. ಆ ಹುಡುಗಿ ಈಗ ಆರನೇ ತರಗತಿ, ತನ್ನ ಗುಂಪಿಗೆ ಅವಳೇ ದೊಡ್ಡವಳು. ಜೂನ್ ತಿಂಗಳ ಒಂದು ಮಧ್ಯಾಹ್ನ ಸುಮಾ ಕಾರಿಡಾರಿನಲ್ಲಿ ಬರುವಾಗ, ಅವಳು ಒಂದನೇ ತರಗತಿಯ ಒಬ್ಬ ಹುಡುಗನ ಎದುರು ಮಂಡಿಯೂರಿ ಕೂತಿದ್ದಳು. ನಡುವೆ ಅದೇ ನೀಲಿ ಬಕೆಟ್ಟು.

"ಬಕೆತ್ಸು," ಅಂದ ಹುಡುಗ.

"ಇಂದೋ ವಾ, ಬಕೀಟು," ಅಂದಳು ಅವಳು. ಆಮೇಲೆ ಒದ್ದೆ ಕೈಯನ್ನು ಕತ್ತಿಯ ಹಾಗೆ ಕೆಳಗಿಳಿಸಿದಳು. ನೀರಿನ ಹನಿ ಅವನ ಮುಖದ ಮೇಲೆ ಸಿಡಿಯಿತು. "ಎಯ್ಗೋ ವಾ, ಬಕೆಟ್."